ಹೊನ್ನು ಹುಡುಕಿದವರು, ಹೆಸರಿಟ್ಟವರು

1879ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಸೀಮೆಯಿಂದ ಒಬ್ಬ ಮನುಷ್ಯ ವಯನಾಡಿನ ಬೆಟ್ಟಗಳಿಗೆ ಬಂದ. ರಾಬರ್ಟ್ ಬ್ರೌ ಸ್ಮಿತ್ ಎಂದು ಹೆಸರು. ವಿಕ್ಟೋರಿಯಾದ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದವನು. ಆ ಸೀಮೆಯ ಚಿನ್ನದ ನೆಲೆಗಳ ಮೇಲೆ 1869ರಲ್ಲಿ ದಪ್ಪನೆಯ ಪುಸ್ತಕ ಬರೆದಿದ್ದ. ಕೈಕೆಳಗಿನವರನ್ನು ಗೋಳು ಹುಯ್ದುಕೊಳ್ಳುತ್ತಾನೆ ಎಂಬ ದೂರಿನ ಮೇಲೆ ವಿಚಾರಣೆ ನಡೆದು 1876ರಲ್ಲಿ ಹುದ್ದೆ ಬಿಟ್ಟಿದ್ದ. ಅಂಥವನನ್ನು ನಮ್ಮ ಕಡೆಯ ಬ್ರಿಟಿಷ್ ಸರ್ಕಾರ ಕರೆಸಿಕೊಂಡಿತು. ಇಲ್ಲಿನ ಬೆಣಚುಕಲ್ಲಿನಲ್ಲಿ ಚಿನ್ನ ಇದೆಯಂತೆ, ಎಷ್ಟಿದೆ ನೋಡಿ ಹೇಳು ಎಂದಿತು.

ಇಷ್ಟೇ ಆಗಿದ್ದರೆ ಅವನ ಬಗ್ಗೆ ನನಗೆ ಕುತೂಹಲ ಹುಟ್ಟುತ್ತಿರಲಿಲ್ಲ. ಆದರೆ ಇಲ್ಲಿಗೆ ಬರುವ ಹಿಂದಿನ ವರ್ಷ, 1878ರಲ್ಲಿ, ಅವನು ಇನ್ನೊಂದು ಪುಸ್ತಕ ಹೊರತಂದಿದ್ದ. ವಿಕ್ಟೋರಿಯಾದ ಮೂಲನಿವಾಸಿಗಳ ಬಗ್ಗೆ ಎರಡು ಸಂಪುಟಗಳು. ಅವರ ಆಹಾರ, ಆಯುಧ, ಕಥೆಗಳ ಜೊತೆಗೆ ಅವರ ನುಡಿಗಳ ಪಟ್ಟಿಗಳೂ ಅದರಲ್ಲಿವೆ. ನೆಲದ ಕೆಳಗಿನದನ್ನು ಅಳೆಯುವ ಕಸುಬಿನವನು ನೆಲದ ಮೇಲಿನವರ ಮಾತನ್ನೂ ಕೂಡಿಟ್ಟಿದ್ದ. ವಯನಾಡಿನ ದೇವಾಲದ ಗುಡ್ಡ ಹತ್ತುವಾಗ ದಾರಿ ತೋರಿಸಿದ ಯಾರನ್ನಾದರೂ ಅವನು ‘ಈ ಜಾಗಕ್ಕೆ ನೀವು ಏನಂತೀರಿ? ಯಾಕೆ ಹಾಗಂತೀರಿ?’ ಎಂದು ಕೇಳಿದ್ದನೇ? ಕೇಳಿದ್ದರೆ ಚೆನ್ನಾಗಿತ್ತು. ಯಾಕೆಂದರೆ ಚಿನ್ನದ ಊರುಗಳಿಗೆ ಹೆಸರು ಹೇಗೆ ಬರುತ್ತದೆ ಎನ್ನುವುದು ಚಿನ್ನಕ್ಕಿಂತ ಆಳದ ಗಣಿ.

ಅವನ ನಾಡಿನದೇ ಒಂದು ಉದಾಹರಣೆ ನೋಡಿ. ವಿಕ್ಟೋರಿಯಾದ ಬಹುದೊಡ್ಡ ಚಿನ್ನದ ಊರು ಬೆಂಡಿಗೊ. ಆ ಸೀಮೆಯಲ್ಲಿ ಕುರಿ ಕಾಯುವವನೊಬ್ಬನಿದ್ದನಂತೆ. ಮುಷ್ಟಿ ಬಿಗಿದರೆ ಎದುರು ನಿಲ್ಲುವವರಿಲ್ಲ. ಇಂಗ್ಲೆಂಡಿನಲ್ಲಿ ಆಗ ಬೆಂಡಿಗೊ ಎಂಬ ಅಡ್ಡಹೆಸರಿನ ಹೆಸರಾಂತ ಮುಷ್ಟಿಮಲ್ಲನಿದ್ದ, ವಿಲಿಯಂ ಥಾಮ್ಸನ್. ಜೊತೆಗಾರರು ಆ ಅಡ್ಡಹೆಸರನ್ನು ಈ ಕುರಿಗಾಹಿಗೂ ಅಂಟಿಸಿದರು. ಅವನಿಂದ ಅದು ಹಳ್ಳಕ್ಕೆ ಹೋಯಿತು. 1851ರಲ್ಲಿ ಹಳ್ಳದ ಮರಳಿನಲ್ಲಿ ಚಿನ್ನ ಕಂಡಾಗ ಹಳ್ಳದಿಂದ ಊರಿಗೆ ಹೋಯಿತು. ಸರ್ಕಾರಕ್ಕೆ ಇದು ಸರಿಬರಲಿಲ್ಲ, ಸ್ಯಾಂಡ್‌ಹರ್ಸ್ಟ್ ಎಂಬ ಗಂಭೀರ ಹೆಸರನ್ನು ಕಾಗದದ ಮೇಲೆ ಇಟ್ಟಿತು. 1891ರಲ್ಲಿ ಊರಿನವರು ಮತ ಹಾಕಿ ಬೆಂಡಿಗೊವನ್ನೇ ವಾಪಸು ತಂದರು. ತನ್ನ ಹೆಸರು ಹೊತ್ತ ಆ ಊರನ್ನು ಮುಷ್ಟಿಮಲ್ಲ ಒಮ್ಮೆಯೂ ಕಂಡವನಲ್ಲ.

ಇನ್ನೂ ಪಶ್ಚಿಮಕ್ಕೆ, ನೀರಿಲ್ಲದ ಕೆಂಪು ಬಂಜರಿನಲ್ಲಿ, 1893ರ ಜೂನ್‌ನಲ್ಲಿ ಪ್ಯಾಡಿ ಹ್ಯಾನನ್ ಮತ್ತು ಅವನ ಇಬ್ಬರು ಸಂಗಾತಿಗಳಿಗೆ ಚಿನ್ನ ಸಿಕ್ಕಿತು. ಜನ ನುಗ್ಗಿದರು, ಡೇರೆ ಹಾಕಿದರು, ಊರನ್ನು ‘ಹ್ಯಾನನ್ಸ್’ ಎಂದು ಕರೆದರು. ಹುಡುಕಿದವನ ಹೆಸರು ಊರಿಗೆ, ನ್ಯಾಯವಾಗಿಯೇ ಇದೆ. ಆದರೆ ಆ ಹೆಸರು ಎರಡು ವರ್ಷ ಬಾಳಿದ್ದೂ ಕಷ್ಟ. ಊರು ಕಾಲ್ಗೂರ್ಲಿ ಆಯಿತು. ಅದು ಅಲ್ಲಿನ ಮೂಲನಿವಾಸಿಗಳ ಮಾತಿನಿಂದ ಬಂದದ್ದು. ಅವರು ಕಿತ್ತು ತಿನ್ನುತ್ತಿದ್ದ ಒಂದು ಬಳ್ಳಿಯ ಕಾಯಿ ಇದೆ, ಒಳಗೆ ರೇಷ್ಮೆಯಂಥ ನಾರು. ಆ ಕಾಯಿ ಸಿಗುವ ಜಾಗ ಎಂದು ಅರ್ಥ. ಜಗತ್ತಿನ ಅತಿ ಶ್ರೀಮಂತ ಚಿನ್ನದ ನೆಲಗಳಲ್ಲಿ ಒಂದು ಇವತ್ತಿಗೂ ಕಾಡುಕಾಯಿಯ ಹೆಸರಿನಲ್ಲಿದೆ. ಹ್ಯಾನನ್‌ನ ಪಾಲಿಗೆ ಉಳಿದದ್ದು ಒಂದು ಬೀದಿ.

ನಮ್ಮ ಕೋಲಾರದ ಕಥೆಯೂ ಇದಕ್ಕೆ ದೂರವಲ್ಲ. 1802ರಲ್ಲಿ ಸರ್ವೆಗೆ ಬಂದ ಜಾನ್ ವಾರನ್ ಅಲ್ಲಿನವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟ. ಆ ಬರಹವನ್ನು ಎಷ್ಟೋ ವರ್ಷಗಳ ಮೇಲೆ ಓದಿದ ಐರಿಷ್ ಸಿಪಾಯಿ ಮೈಕೆಲ್ ಲಾವೆಲ್ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೋದ, 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಅವನಿಂದ ಶುರುವಾದ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ರಾಬರ್ಟ್‌ಸನ್ ಪೇಟೆ ಇದೆ, ಆಂಡರ್ಸನ್ ಪೇಟೆ ಇದೆ. ಲಾವೆಲ್ ಮಾತ್ರ ಬೆಂಗಳೂರಿನ ಒಂದು ರಸ್ತೆಯ ಹೆಸರಾಗಿ, ದುಬಾರಿ ಹೋಟೆಲುಗಳ ನಡುವೆ ಉಳಿದಿದ್ದಾನೆ. ಕೋಲಾರವೋ, ಗಂಗರು ತಮ್ಮ ಬಿರುದಿನಲ್ಲಿ ಹೊತ್ತು ತಿರುಗಿದ ಕುವಲಾಲಪುರ. ಆ ಹೆಸರಿನಲ್ಲಿ ಚಿನ್ನದ ಸುಳಿವೇ ಇಲ್ಲ.

ಕಾಲ್ಗೂರ್ಲಿಯ ಶಿಲೆ, ಕೋಲಾರದ ಶಿಲೆ, ಎರಡರ ವಯಸ್ಸೂ ಸುಮಾರು 270 ಕೋಟಿ ವರ್ಷ. ಒಂದು ಕಾಲಕ್ಕೆ ಆಸ್ಟ್ರೇಲಿಯಾ ಮತ್ತು ನಮ್ಮ ನೆಲ ಒಂದೇ ಭೂಖಂಡದೊಳಗಿದ್ದವು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ಕಲ್ಲು ಹುಟ್ಟಿದಾಗ ಕರೆಯುವ ಬಾಯಿಯೂ ಇರಲಿಲ್ಲ, ಕೇಳುವ ಕಿವಿಯೂ ಇರಲಿಲ್ಲ. ಅಷ್ಟು ಹಳೆಯ ಕಲ್ಲಿಗೆ ನಿನ್ನೆ ಮೊನ್ನೆ ಬಂದ ನಾವು ಹೆಸರಿಟ್ಟು, ಆ ಹೆಸರಿಗಾಗಿ ಮತ ಹಾಕಿ ಜಗಳಾಡುತ್ತೇವಲ್ಲ, ಅದನ್ನು ನೆನೆದಾಗ ನಗುವೂ ಬರುತ್ತದೆ, ಒಂದು ಬಗೆಯ ಬೆರಗೂ ಆಗುತ್ತದೆ.

ವಯನಾಡಿಗೆ ಬರೋಣ. ಸ್ಮಿತ್ ಅಳೆದ ಗುಡ್ಡಗಳು ಇಂದಿನ ವಯನಾಡು ಜಿಲ್ಲೆಯಲ್ಲಿಲ್ಲ. ದೇವಾಲ, ಪಂದಲೂರು, ಚೇರಂಬಾಡಿ ಇರುವ ಆಗ್ನೇಯ ಭಾಗವನ್ನು 1877ರಲ್ಲೇ ಮಲಬಾರಿನಿಂದ ಕಿತ್ತು ನೀಲಗಿರಿಗೆ ಸೇರಿಸಿದ್ದರು. ಈಗ ಅದು ತಮಿಳುನಾಡು. ಚಿನ್ನದ ಪುಸ್ತಕಗಳಲ್ಲಿ ಮಾತ್ರ ಅದು ಇಂದಿಗೂ ವಯನಾಡೇ. ಗೆರೆ ಎಳೆದವರು ಜಿಲ್ಲೆ ಬದಲಿಸಿದರು, ನಾಡಿನ ಹೆಸರು ಗೆರೆ ದಾಟಿಯೂ ಅಲ್ಲೇ ನಿಂತಿತು.

ಅಲ್ಲಿ ಚಿನ್ನ ಇರುವುದು ಯುರೋಪಿನವರು ಕಂಡುಹಿಡಿದದ್ದಲ್ಲ. 1831ರಲ್ಲಿ ಲೆಫ್ಟಿನೆಂಟ್ ನಿಕಲ್ಸನ್ ಎಂಬ ಸೈನ್ಯಾಧಿಕಾರಿಯನ್ನು ಸರ್ಕಾರ ವಿಚಾರಿಸಿಕೊಂಡು ಬಾ ಎಂದು ಕಳಿಸಿದಾಗಲೇ ಗುಡ್ಡದ ಮೈತುಂಬ ಹಳೆಯ ಗುಂಡಿಗಳಿದ್ದವು. ಕುರುಂಬರು, ಪಣಿಯರು ಒಡೆಯರಿಗಾಗಿ ಅಗೆಯುತ್ತಿದ್ದರು, ಬೆಣಚುಕಲ್ಲು ಕುಟ್ಟುತ್ತಿದ್ದರು, ತೊರೆಯ ನೀರಿನಲ್ಲಿ ಮರದ ಮರಿಗೆ ಆಡಿಸಿ ಕಣ ಹಿಡಿಯುತ್ತಿದ್ದರು. ನಮ್ಮ ಗದುಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಇದೇ ಕೆಲಸ ಮಾಡುವವರನ್ನು ಜಾಲಗಾರರು ಎನ್ನುತ್ತಿದ್ದರು. ಇಡೀ ದಿನ ತೊಳೆದರೆ ಒಂದು ಹೊತ್ತಿನ ಗಂಜಿಗೆ ಆಗುವಷ್ಟು. ಚಿನ್ನ ತೊಳೆದು ಸಿರಿವಂತನಾದ ಜಾಲಗಾರನ ಕಥೆ ನಾನು ಎಲ್ಲಿಯೂ ಓದಿಲ್ಲ.

ಒಡೆಯರೆಂದೆನಲ್ಲ, ಅದರಲ್ಲೂ ಕನ್ನಡದ ಎಳೆ ಇದೆ. ದೇವಾಲದ ಹತ್ತಿರದ ನೆಲ್ಲಿಯಾಳದಲ್ಲಿ ಒಂದು ಅರಸು ಮನೆತನ. ಕನ್ನಡ ಮಾತಿನ ಲಿಂಗಾಯತರು. ಚಾಮರಾಜನಗರದ ಕಡೆಯ ಉಮ್ಮತ್ತೂರಿನಿಂದ ಬಂದವರು ಎಂದು ಅವರ ಮನೆತನದ ನಂಬಿಕೆ. ಸುತ್ತ ಮಲಯಾಳದ ಜನ್ಮಿ ಪದ್ಧತಿ, ನಡುವೆ ನೆಲದೊಡೆಯರಾಗಿ ಒಂದು ಕನ್ನಡದ ಮನೆ. ಈ ಗಡಿಸೀಮೆಯಲ್ಲಿ ಯಾವುದೂ ಒಂದೇ ಭಾಷೆಯಲ್ಲಿ ಮುಗಿಯುವುದಿಲ್ಲ.

ಸ್ಮಿತ್ ಬರುವ ಹೊತ್ತಿಗೆ ವಯನಾಡಿನ ಕಾಫಿ ತೋಟಗಳು ಸೋತಿದ್ದವು. ಮೊದಲು ಕಾಂಡಕೊರಕ, ಅದರ ಬೆನ್ನಿಗೆ ಎಲೆರೋಗ. ಸಾಲದಲ್ಲಿ ಮುಳುಗಿದ್ದ ತೋಟದ ದೊರೆಗಳಿಗೆ ತಮ್ಮ ಸತ್ತ ಗಿಡಗಳ ಅಡಿಯಲ್ಲಿ ಚಿನ್ನವಿದೆ ಎಂಬ ಸುದ್ದಿ ಹೇಗೆ ಕೇಳಿಸಿರಬೇಡ! 1870ರ ದಶಕದ ನಡುವಿನಲ್ಲೇ ಆಲ್ಫಾ ಎಂಬ ಕಂಪನಿ ದೇವಾಲದ ಹತ್ತಿರ ಕಲ್ಲು ಪುಡಿಮಾಡಲು ಶುರುಮಾಡಿತ್ತು. ಭೂಗರ್ಭ ಸರ್ವೆಯ ವಿಲಿಯಂ ಕಿಂಗ್ 1875ರಲ್ಲಿ ಎಚ್ಚರಿಕೆಯ ಮಾತಿನಲ್ಲಿ ಒಂದು ವರದಿ ಕೊಟ್ಟಿದ್ದ. 1880ರ ಸ್ಮಿತ್ ವರದಿಯಲ್ಲಿ ಎಚ್ಚರಿಕೆ ಕಡಿಮೆ, ಹುರುಪು ಹೆಚ್ಚು. ಅದು ಲಂಡನ್ನಿಗೆ ತಲುಪಿದ್ದೇ ತಡ, ಒಂದೆರಡು ವರ್ಷದೊಳಗೆ 30ಕ್ಕೂ ಹೆಚ್ಚು ಕಂಪನಿಗಳು ಎದ್ದವು. ಘೋಷಿಸಿದ ಬಂಡವಾಳ 40 ಲಕ್ಷ ಪೌಂಡಿಗೂ ಮೇಲೆ. ಹಾಳುಬಿದ್ದ ತೋಟಗಳು ಚಿನ್ನದ ಬೆಲೆಗೆ ಕೈ ಬದಲಿಸಿದವು.

ಆ ಕಂಪನಿಗಳ ಹೆಸರುಗಳನ್ನು ಓದುವುದೇ ಒಂದು ಮೋಜು. ಇಂಡಿಯನ್ ಫೀನಿಕ್ಸ್, ಇಂಡಿಯನ್ ಗ್ಲೆನ್‌ರಾಕ್, ದೇವಾಲ ಮೋಯಾರ್, ರೋಡ್ಸ್ ರೀಫ್. ಬೆಣಚಿನ ಪಟ್ಟೆಗಳಿಗೂ ಹೆಸರಿಟ್ಟರು: ಒಂದು ಮೊನಾರ್ಕ್, ಒಂದು ಸ್ಕಲ್. ಒಂದಕ್ಕೆ ರಾಜನ ಪದವಿ, ಇನ್ನೊಂದಕ್ಕೆ ತಲೆಬುರುಡೆ! ಬೂದಿಯಿಂದ ಎದ್ದುಬರುವ ಹಕ್ಕಿಯ ಹೆಸರನ್ನು ಒಂದು ಕಂಪನಿಗೆ ಇಟ್ಟವನ ಧೈರ್ಯವನ್ನು ಮೆಚ್ಚಬೇಕು, ಇನ್ನೂ ಬೂದಿಯಾಗುವ ಮೊದಲೇ ಇಟ್ಟಿದ್ದ. ಇವೆಲ್ಲ ಷೇರು ಮಾರಲು ಇಟ್ಟ ಹೆಸರುಗಳು. ಲಂಡನ್ನಿನಲ್ಲಿ ಕುಳಿತು ಕಾಗದದ ಮೇಲೆ ಕೇಳಲು ಚೆನ್ನಾಗಿರಬೇಕು, ಅಷ್ಟು ಸಾಕು. ಆ ಗುಡ್ಡದಲ್ಲಿ ಮಳೆಗಾಲದ ಮಂಜಿನಲ್ಲಿ ದಾರಿ ತಪ್ಪಿದವನಿಗೆ ಅವುಗಳಿಂದ ಕವಡೆಯ ಉಪಯೋಗವಿಲ್ಲ.

ಪಂದಲೂರು ರಾತ್ರಿ ಬೆಳಗಾಗುವುದರೊಳಗೆ ಪಟ್ಟಣವಾಯಿತು. ಅಂಗಡಿಗಳು, ಹೋಟೆಲು, ಅಂಚೆ ಕಚೇರಿ. ಕಲ್ಲು ಕುಟ್ಟುವ ಭಾರದ ಯಂತ್ರಗಳು ಹಡಗಿನಲ್ಲಿ ಬಂದು ಎತ್ತಿನ ಗಾಡಿಗಳಲ್ಲಿ ಘಾಟಿ ಹತ್ತಿದವು. ಕೆಲವು ಹತ್ತಲಾರದೆ ದಾರಿಯಲ್ಲೇ ಉಳಿದು ತುಕ್ಕು ಹಿಡಿದವು. ತಲುಪಿದ ಯಂತ್ರಗಳು ಕುಟ್ಟಿದ್ದಕ್ಕೆ ಸಿಕ್ಕ ಚಿನ್ನ ಖರ್ಚಿಗೂ ಸಾಲಲಿಲ್ಲ. 1882ರ ಹೊತ್ತಿಗೆ ಉಬ್ಬರ ಇಳಿಯಿತು. ಕಂಪನಿಗಳು ಒಂದೊಂದಾಗಿ ಮುಳುಗಿದವು, ಸ್ಮಿತ್ ಆಸ್ಟ್ರೇಲಿಯಾಕ್ಕೆ ಮರಳಿದ, 1889ರಲ್ಲಿ ತೀರಿಕೊಂಡ. ಉಬ್ಬರ ಇಳಿದ ಸುಮಾರು ಇಪ್ಪತ್ತು ವರ್ಷದ ಮೇಲೆ, 1901ರಲ್ಲಿ, ಹ್ಯಾಚ್ ಮತ್ತು ಹೇಡನ್ ಎಂಬ ಇಬ್ಬರು ಭೂವಿಜ್ಞಾನಿಗಳು ಪಟ್ಟೆಪಟ್ಟೆಯನ್ನೂ ಅಳೆದು ನೋಡಿ, ಲಾಭದ ಗಣಿಗಾರಿಕೆ ಇಲ್ಲಿ ಆಗದ ಮಾತು ಎಂದು ಬರೆದರು. ಚಿನ್ನ ಇದೆ. ಆದರೆ ಒಂದು ಟನ್ ಕಲ್ಲಿಗೆ ಸಿಗುವುದು ಚಿಟಿಕೆ.

ಈಗ ಅಲ್ಲಿ ಚಹಾ ತೋಟಗಳು. ಶ್ರೀಲಂಕಾದಿಂದ 1964ರ ಒಪ್ಪಂದದ ಮೇಲೆ ಹಿಂದಿರುಗಿದ ತಮಿಳರ ಮಕ್ಕಳು, ಮೊಮ್ಮಕ್ಕಳು ಆ ತೋಟಗಳಲ್ಲಿದ್ದಾರೆ. ಮೊನಾರ್ಕ್ ಎಲ್ಲಿ, ಫೀನಿಕ್ಸ್ ಎಲ್ಲಿ ಎಂದು ಕೇಳಿದರೆ ಬಸ್ ನಿಲ್ದಾಣದಲ್ಲಿ ಯಾರು ತಾನೆ ಹೇಳಿಯಾರು? ಗ್ಲೆನ್‌ರಾಕ್ ಮಾತ್ರ ಉಳಿದಿದೆ. ಪಂದಲೂರಿನ ಹತ್ತಿರ ಕಾಡಿನೊಳಗೆ ಆ ಹೆಸರಿನ ಜಾಗವಿದೆ, ಅಲ್ಲಿ ಕಾಟ್ಟುನಾಯಕರ ಒಂದು ಹಾಡಿ ಇದೆ. ಜೇನು ಕೀಳುವ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಜನ ಅವರು. ಷೇರುದಾರರು ಕೈಬಿಟ್ಟ ಹೆಸರನ್ನು ದಿನವೂ ಹೋಗಿಬರುವವರು ಉಳಿಸಿಕೊಂಡರು. ಮತ್ತೆ ಮತ್ತೆ ಒಂದು ಜಾಗಕ್ಕೆ ಬರಬೇಕಾದವನಿಗೇ ಹೆಸರು ಬೇಕು. ಒಮ್ಮೆ ದೋಚಿಕೊಂಡು ಹೋಗುವವನಿಗೆ ಪರವಾನಗಿಯ ನಂಬರು ಸಾಕಾಗುತ್ತದೆ. ಕಾಲ್ಗೂರ್ಲಿಯ ಕಾಯಿ ಹ್ಯಾನನ್‌ನನ್ನು ಗೆದ್ದದ್ದು ಹೀಗೇ ಇರಬೇಕು ಎಂದು ನನ್ನ ಅಂದಾಜು.

ವಯನಾಡು ಜಿಲ್ಲೆಯೊಳಗೆ ನನ್ನನ್ನು ಬಹಳ ಕಾಡುವ ಹೆಸರು ಬೇರೆ ಇದೆ. ಗುಂಡ್ಲುಪೇಟೆ ದಾಟಿ, ಬಂಡೀಪುರ ದಾಟಿ, ಮೂಲೆಹೊಳೆಯ ಆಚೆ ಕೇರಳದ ಮಣ್ಣು ಸಿಕ್ಕ ಸ್ವಲ್ಪದರಲ್ಲೇ, ಮುತ್ತಂಗದ ಮೊದಲು, ಹೆದ್ದಾರಿಯ ಪಕ್ಕ ಒಂದು ಜಾಗ: ಪೊನ್‌ಕುಳಿ. ಪೊನ್ ಎಂದರೆ ಹೊನ್ನು, ಕುಳಿ ಎಂದರೆ ಕುಳಿಯೇ. ಕನ್ನಡದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಕಾರ ಹಕಾರವಾಗುವ ನಮ್ಮ ಹಳೆಯ ಚಾಳಿಯಲ್ಲಿ ಅದು ಹೊಂಗುಳಿ. ಹೊನ್ನಿನ ಗುಂಡಿ.

ಹೆಸರೇ ಹೀಗೆ ಕೂಗಿ ಹೇಳುವಾಗ ಅಲ್ಲಿ ಚಿನ್ನ ಅಗೆದ ಕಥೆ ಇರಬೇಕಲ್ಲ? ಆದರೆ ಅಲ್ಲಿನ ಜನ ಹೇಳುವ ಕಥೆಯೇ ಬೇರೆ. ರಸ್ತೆಯ ಒಂದು ಬದಿಗೆ ರಾಮನ ಗುಡಿ, ಇನ್ನೊಂದು ಬದಿಗೆ ಸೀತೆಯ ಗುಡಿ. ಹತ್ತಿರದಲ್ಲೇ ಒಂದು ಕೊಳ. ಕಾಡಿಗೆ ಬಿಟ್ಟುಹೋದಾಗ ಸೀತೆ ಅತ್ತ ಕಣ್ಣೀರು ನಿಂತು ಆದ ಕೊಳವಂತೆ. ಗಂಡ ಒಂದು ಬದಿ, ಹೆಂಡತಿ ಒಂದು ಬದಿ, ನಡುವೆ ಲಾರಿಗಳು ಓಡುವ ರಾಷ್ಟ್ರೀಯ ಹೆದ್ದಾರಿ. ಉತ್ತರಕಾಂಡವನ್ನು ಇದಕ್ಕಿಂತ ಕಟುವಾಗಿ ಯಾವ ಶಿಲ್ಪಿಯೂ ಕಟ್ಟಿರಲಾರ.

ವಯನಾಡಿನ ಈ ಭಾಗವೆಲ್ಲ ಸೀತೆಯದೇ. ಪುಲ್ಪಳ್ಳಿಯಲ್ಲಿ ಸೀತೆ ಮತ್ತು ಲವಕುಶರ ದೇವಾಲಯ. ಭೂಮಿ ಬಾಯಿಬಿಟ್ಟು ಅವಳನ್ನು ಒಳಗೆ ತೆಗೆದುಕೊಂಡಾಗ ರಾಮ ಹಿಡಿಯಹೋಗಿ ಜಡೆ ಮಾತ್ರ ಕೈಗೆ ಬಂತೆಂದು ಹೇಳುವ ಜಡಯಟ್ಟ ಕಾವು ಎಂಬ ಬನ ಅಲ್ಲೇ ಸಮೀಪದಲ್ಲಿದೆ. ನೆಲದೊಳಗೆ ಹೋದದ್ದು ಚಿನ್ನವಲ್ಲ, ಒಬ್ಬ ಹೆಣ್ಣುಮಗಳು ಎಂದು ಈ ಊರುಗಳ ನೆನಪು. ಗುಂಡಿಯ ಹೆಸರಿನಲ್ಲಿ ಹೊನ್ನು, ಕಥೆಯಲ್ಲಿ ಕಣ್ಣೀರು. ಎರಡಕ್ಕೂ ತಾಳೆ ಹಾಕಲು ಹೋಗುವುದು ಪಂಡಿತರ ಕೆಲಸ. ನನಗೆ ಎರಡೂ ಒಂದೇ ಕೊಳದ ದಡದಲ್ಲಿ ಜಗಳವಿಲ್ಲದೆ ಕೂತಿರುವುದೇ ಸೋಜಿಗ. ಬೆಂಡಿಗೊದವರು ತಮ್ಮ ಹೆಸರಿನ ಮೂಲಕ್ಕೆ ಹೋಗಿ ಒಬ್ಬ ಮುಷ್ಟಿಮಲ್ಲನನ್ನು ಕಂಡರು. ಪೊನ್‌ಕುಳಿಯವರು ಹೋದರೆ ಸಿಗುವುದು ಅಳುವ ಸೀತೆ.

ಅಲ್ಲಿಂದ ಮುಂದಿನ ದೊಡ್ಡ ಊರು ಸುಲ್ತಾನ್ ಬತ್ತೇರಿ. ಈ ಊರು ಹೆಸರಿನ ವಿಚಾರದಲ್ಲಿ ಮೂರು ಅಂಗಿ ತೊಟ್ಟಿದೆ. ಗಣಪತಿ ಗುಡಿಯಿಂದ ಗಣಪತಿವಟ್ಟಂ. ಟಿಪ್ಪುವಿನ ಸೈನ್ಯ ಮದ್ದುಗುಂಡು ಇಟ್ಟುಕೊಂಡ ಮೇಲೆ ಸುಲ್ತಾನನ ಬ್ಯಾಟರಿ. ಬ್ರಿಟಿಷರ ಬಾಯಿಂದ ಇಳಿದು ಮಲಯಾಳದ ನಾಲಿಗೆಯಲ್ಲಿ ಅದು ಬತ್ತೇರಿ. 2024ರ ಲೋಕಸಭಾ ಚುನಾವಣೆಯಲ್ಲಿ ಹಳೆಯ ಹೆಸರನ್ನು ತರುತ್ತೇನೆ ಎಂದು ಒಬ್ಬ ಅಭ್ಯರ್ಥಿ ಹೇಳಿ ದೊಡ್ಡ ಗುಲ್ಲಾಯಿತು. ಆ ಗುಲ್ಲಿನಲ್ಲಿ ಇನ್ನೊಂದು ಹೆಸರು ಕನ್ನಡದ ಪತ್ರಿಕೆಗಳಲ್ಲೂ ಹೆಚ್ಚಾಗಿ ಕಾಣಲಿಲ್ಲ. ಅದು ಹನ್ನೆರಡು ಬೀದಿ. ಹೌದು, ಅಪ್ಪಟ ಕನ್ನಡ. ಕನ್ನಡ ನಾಡಿನಿಂದ ಹೋಗಿ ನೆಲೆಸಿದ ಜೈನರು ಅಲ್ಲಿ ಹನ್ನೆರಡು ಬೀದಿ ಕಟ್ಟಿಕೊಂಡು ವ್ಯಾಪಾರ ಮಾಡುತ್ತಿದ್ದರು. ಮದ್ದುಗುಂಡು ಇಟ್ಟದ್ದೂ ಅವರ ಬಸದಿಯಲ್ಲೇ. ಆ ಕಲ್ಲಿನ ಬಸದಿ ಇಂದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಹೆದ್ದಾರಿಯ ಪಕ್ಕದಲ್ಲೇ ಇದೆ, ಒಳಗೆ ಪೂಜೆಯಿಲ್ಲ. ಬೀದಿಗಳನ್ನು ಎಣಿಸಿ ಹೆಸರಿಟ್ಟವರು ಅದೇ ಬೀದಿಗಳಲ್ಲಿ ದಿನವೂ ನಡೆದವರು, ಗಣಪತಿಗೆ ಕೈಮುಗಿದವರೂ ಅಷ್ಟೆ. ಫಿರಂಗಿಯವರು ಬಂದುಹೋದವರು. ಹಾಗಿದ್ದೂ ಗೆದ್ದದ್ದು ಫಿರಂಗಿ. ನಾನು ಮೇಲೆ ಹೇಳಿದ ಅಂದಾಜು ಇಲ್ಲಿ ಮಕಾಡೆ ಮಲಗುತ್ತದೆ, ಮಲಗಲಿ. ಬಂದೂಕು ಹಿಡಿದವನ ಹೆಸರು ಎದ್ದು ನಿಲ್ಲುವುದಕ್ಕೆ ಬೇರೆ ನಿಯಮವಿದ್ದಂತಿದೆ.

ಚಿನ್ನ ಹುಡುಕುತ್ತ ಹೆಸರೇ ಸಿಕ್ಕಿದ ಒಂದು ಪ್ರಸಂಗ ನಮ್ಮಲ್ಲೇ ಇದೆ. 1915ರಲ್ಲಿ ರಾಯಚೂರು ಸೀಮೆಯಲ್ಲಿ, ಆಗಿನ ನಿಜಾಮರ ನಾಡಿನಲ್ಲಿ, ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ಅಲೆಯುತ್ತಿದ್ದ. ಅಲ್ಲಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಜನ ನೂರಾರು ಅಡಿ ಆಳಕ್ಕೆ ಇಳಿದು ಚಿನ್ನ ತೆಗೆದಿದ್ದರು. ಅಂಥ ಹಳೆಯ ಗುಂಡಿಗಳ ಸೀಮೆ ಅದು. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಬೀಡನ್‌ಗೆ ಅಕ್ಷರ ಕಂಡವು. ಓದಿಸಿ ನೋಡಿದರೆ ಅಶೋಕನ ಶಾಸನ. ಅಲ್ಲಿಯ ತನಕ ಸಿಕ್ಕ ಶಾಸನಗಳಲ್ಲೆಲ್ಲ ಇದ್ದದ್ದು ದೇವಾನಾಂಪ್ರಿಯ ಎಂಬಂಥ ಬಿರುದುಗಳು ಮಾತ್ರ. ಯಾರು ಈ ದೇವರಿಗೆ ಪ್ರಿಯನಾದವನು ಎಂಬುದಕ್ಕೆ ಬಂಡೆಯ ಸಾಕ್ಷಿ ಮೊದಲು ಕೊಟ್ಟದ್ದು ಮಸ್ಕಿ. ಅಶೋಕ ಎಂಬ ಹೆಸರು ಅಲ್ಲಿತ್ತು. ಚಿನ್ನದ ಕಣ ಹುಡುಕಿ ಹೋದವನು ಒಬ್ಬ ಚಕ್ರವರ್ತಿಯ ಹೆಸರು ಹಿಡಿದುಕೊಂಡು ಬಂದ. ವಯನಾಡಿನ 40 ಲಕ್ಷ ಪೌಂಡಿಗೆ ಇಷ್ಟು ಬೆಲೆಯ ಒಂದು ಕಲ್ಲೂ ಸಿಗಲಿಲ್ಲ.

ಚಿತ್ರದುರ್ಗದ ಬ್ರಹ್ಮಗಿರಿಯ ಶಾಸನದಲ್ಲಿ, ಆಜ್ಞೆ ಹೊರಟದ್ದು ಸುವರ್ಣಗಿರಿಯಲ್ಲಿದ್ದ ರಾಜಕುಮಾರನಿಂದ ಎಂದಿದೆ. ಚಿನ್ನದ ಬೆಟ್ಟ! ಅದು ಯಾವ ಊರು ಎಂದು ವಿದ್ವಾಂಸರು ಹುಡುಕಿದರು. ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದು ಹಲವರು ಹೇಳುತ್ತಾರೆ, ಹೆಸರಿನ ಅರ್ಥ ಅದೇ ಆದ್ದರಿಂದ. ಹಾಗೆ ನೋಡಿದರೆ ನಮ್ಮ ಹೊನ್ನಾಳಿಯ ಸುತ್ತಲೂ ಚಿನ್ನದ ಬೆಣಚು ಇದೆ, ಒಂದು ಕಾಲದಲ್ಲಿ ಅಗೆದದ್ದೂ ಉಂಟು. ಹೆಸರು ಒಮ್ಮೊಮ್ಮೆ ನಿಜ ಹೇಳುತ್ತದೆ. ಯಾವಾಗ ನಿಜ, ಯಾವಾಗ ಬರಿಯ ಆಸೆ ಎಂದು ಹೇಳುವ ಒರೆಗಲ್ಲು ಮಾತ್ರ ಯಾರ ಬಳಿಯೂ ಇಲ್ಲ.

ಇನ್ನು ವಯನಾಡು ಎಂಬ ಹೆಸರೇ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನ ಪರಾಕ್ರಮವನ್ನು ಹೇಳುವ 1117ರ ಚಾಮರಾಜನಗರದ ಶಾಸನವೊಂದಿದೆ. ನೀಲಾದ್ರಿಯನ್ನು ಹಿಡಿದ, ಮಲೆಯಾಳರನ್ನು ಅಟ್ಟಿದ ಎಂದೆಲ್ಲ ಹೇಳಿ ಅವನು ಮತ್ತೆ ಕಾಣಿಸಿಕೊಂಡ ನಾಡನ್ನು ಅದು ಬಯಲ್ನಾಡು ಎಂದು ಕರೆಯುತ್ತದೆ. ಅಲ್ಲಿ ಕದಂಬರ ಒಂದು ಕವಲು ಆಳುತ್ತಿತ್ತು. ಮಲಯಾಳದ ವಯಲ್ ಎಂದರೆ ಗದ್ದೆ, ನಮ್ಮ ಬಯಲು ಅದರದೇ ದಾಯಾದಿ. ವನನಾಡು ವಯನಾಡಾಯಿತು ಎನ್ನುವವರೂ ಇದ್ದಾರೆ, ನನಗೆ ಶಾಸನದ ಮಾತೇ ಒಪ್ಪಿಗೆ.

ಎಂಥ ವಿಚಿತ್ರ ನೋಡಿ. ಸುತ್ತ ಆರೇಳು ಸಾವಿರ ಅಡಿಯ ಶಿಖರಗಳು, ದಟ್ಟ ಕಾಡು, ಆನೆ ಹಿಂಡು, ಕಲ್ಲಿನೊಳಗೆ ಚಿನ್ನ. ಇಷ್ಟೆಲ್ಲ ಇದ್ದೂ ಈ ಮಲೆನಾಡಿಗೆ ಹೆಸರಿಟ್ಟವನ ಕಣ್ಣಿಗೆ ಬಿದ್ದದ್ದು ಎರಡು ಗುಡ್ಡಗಳ ನಡುವಿನ ಕೆಸರು ಗದ್ದೆ. ಬೆಟ್ಟದ ನಾಡು ಎನ್ನಲಿಲ್ಲ, ಹೊನ್ನಿನ ನಾಡು ಎನ್ನಲಿಲ್ಲ. ಎಲ್ಲಿ ನೀರು ನಿಂತು ಭತ್ತ ಬೆಳೆಯುತ್ತದೋ ಅದನ್ನೇ ನಾಡು ಎಂದ. ಆ ಗದ್ದೆಗಳಲ್ಲಿ ಇಂದಿಗೂ ಗಂಧಕಶಾಲ, ಜೀರಕಶಾಲ ಎಂಬ ಘಮಘಮಿಸುವ ಸಣ್ಣಕ್ಕಿ ಬೆಳೆಯುತ್ತಾರೆ. ಆ ಅಕ್ಕಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ಗದ್ದೆ ಕಡಿಮೆಯಾಗುತ್ತಿದೆ. ಬಾಳೆ ಬಂತು, ಅಡಕೆ ಬಂತು, ಕಟ್ಟಡ ಬಂತು. ಇದ್ದ ಗದ್ದೆಗಳನ್ನು ಉಳಿಸಲು ಕೇರಳ 2008ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಬತ್ತೇರಿ, ಕಲ್ಪೆಟ್ಟದ ಪೇಟೆಯಲ್ಲಿ ನಡೆದರೆ ಸಾಲುಸಾಲು ಆಭರಣದ ಅಂಗಡಿಗಳು. ಬೆಟ್ಟ ಕೊಡದ ಚಿನ್ನವನ್ನು ಪೇಟೆ ಕೊಡುತ್ತಿದೆ, ಅದಕ್ಕೆ ಗದ್ದೆ ಮಾರಿದ ದುಡ್ಡೂ ಸಲ್ಲುತ್ತಿದ್ದರೆ ಆಶ್ಚರ್ಯವಿಲ್ಲ.

ಕಲ್ಲಿಕೋಟೆಯಿಂದ ಘಾಟಿ ಹತ್ತಿ ವಯನಾಡಿಗೆ ಕಾಲಿಡುವ ಲಕ್ಕಿಡಿಯಲ್ಲಿ ಒಂದು ಮರಕ್ಕೆ ಕಬ್ಬಿಣದ ಸರಪಳಿ ಬಿಗಿದಿದೆ. ಈ ದುರ್ಗಮ ಘಾಟಿಯ ದಾರಿಯನ್ನು ಒಬ್ಬ ಬಿಳಿಯ ಎಂಜಿನಿಯರಿಗೆ ತೋರಿಸಿಕೊಟ್ಟ ಪಣಿಯ ತರುಣ ಕರಿಂತಂಡನ್‌ನನ್ನು, ದಾರಿ ಕಂಡ ಕೀರ್ತಿ ತನಗೊಬ್ಬನಿಗೇ ಇರಲಿ ಎಂದು ಆ ಎಂಜಿನಿಯರ್ ಕೊಂದನಂತೆ. ದಾರಿಹೋಕರನ್ನು ಕಾಡುತ್ತಿದ್ದ ಅವನ ಪ್ರೇತವನ್ನು ಆಮೇಲೆ ಮರಕ್ಕೆ ಕಟ್ಟಿಹಾಕಿದರಂತೆ. ಕಥೆಯೇ ಇರಬಹುದು. ಕೊಂದವನ ಹೆಸರು ಆ ಕಥೆಯಲ್ಲಿ ಯಾರಿಗೂ ನೆನಪಿಲ್ಲ, ಸತ್ತವನದು ಎಲ್ಲರಿಗೂ ಗೊತ್ತು. ದಾರಿಯ ಫಲಕದ ಮೇಲೆ ಮಾತ್ರ ಇಬ್ಬರದೂ ಇಲ್ಲ, ತಾಮರಶ್ಶೇರಿ ಘಾಟಿ ಎಂದಿದೆ.

ಈ ಊರುಗಳನ್ನು ನೋಡಬೇಕೆಂದು ನಿಮಗೂ ಅನಿಸಿದರೆ ಮೈಸೂರಿನಿಂದ ಬೆಳಗಿನ ಬಸ್ಸು ಹಿಡಿಯಿರಿ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಿರುತ್ತದೆ. ಪೊನ್‌ಕುಳಿಯಲ್ಲಿ ಇಳಿದು ಗುಡಿಯ ಹತ್ತಿರ ಯಾರಾದರೂ ಹಿರಿಯರು ಸಿಕ್ಕರೆ ಕನ್ನಡದಲ್ಲೇ ಮಾತಾಡಿಸಿ, ಅರ್ಥವಾಗುತ್ತದೆ. ಊರಿನ ಹೆಸರಲ್ಲದೆ ಅಲ್ಲಿನ ಹಳ್ಳದ ಹೆಸರು, ಕುಂಟೆಯ ಹೆಸರು, ಒಂದೊಂದು ಗದ್ದೆಯ ಹೆಸರು ಕೇಳಿ ಬರೆದುಕೊಳ್ಳಿ. ವಾಪಸು ಬಂದ ಮೇಲೆ ನಿಮ್ಮ ಊರಿನ ಹೊಲಗದ್ದೆಗಳಿಗೂ ಅದೇ ಕೆಲಸ ಮಾಡಿ. ಪಹಣಿಯಲ್ಲಿ ಇರುವುದು ಸರ್ವೆ ನಂಬರು ಮಾತ್ರ.